ಹುಳುವಿಗೂ ಜ್ವರ, ಮನೆಗೂ ಜ್ವರ

(ಮಲೇರಿಯಾ ತಡೆಯಲು ನಡೆದ ಹಲವು ದಾರಿಗಳನ್ನು ನಂಜನಗೂಡು – ತಿ. ನರಸೀಪುರದ ನೆಲದಲ್ಲಿಟ್ಟು ಹೋಲಿಸಿದ ಉಪನ್ಯಾಸದ ಪಠ್ಯ)



ನಂಜನಗೂಡಿನ ಶ್ರೀಕಂಠೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಹೆಸರೂ ಉಂಟು. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣುಬೇನೆ ಇಲ್ಲಿಯ ಸೇವೆಯಿಂದ ವಾಸಿಯಾಯಿತೆಂದೂ, ಆ ಕೃತಜ್ಞತೆಗಾಗಿ ಆತ ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಪ್ರತೀತಿ. ಇಂದಿಗೂ ಕಾಯಿಲೆ ಬಿದ್ದವರು ಹರಕೆ ಹೊತ್ತು ಬರುತ್ತಾರೆ. ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುತ್ತಾರೆ, ಮುಡಿ ಕೊಡುತ್ತಾರೆ. ಬರುವವರೆಲ್ಲ ತಮ್ಮ ತಮ್ಮ ಕಷ್ಟವನ್ನು ಹೊತ್ತು ತರುವವರು. ‘ನನಗೇಕೆ ಈ ಬೇನೆ ಬಂತು?’ ಎಂಬುದು ಅವರ ಪ್ರಶ್ನೆ. ವೈದ್ಯನ ಮುಂದೆ ಕೂರುವವನ ಪ್ರಶ್ನೆಯೂ ಅದೇ.

ಆದರೆ ಒಂದೇ ಕೇರಿಯಲ್ಲಿ ಹತ್ತು ಮನೆಯವರು ಒಟ್ಟಿಗೆ ಕಂಬಳಿ ಹೊದ್ದು ನಡುಗತೊಡಗಿದಾಗ ಪ್ರಶ್ನೆ ಬದಲಾಗುತ್ತದೆ. ‘ಈ ಊರಿಗೇಕೆ ಬಂತು?’ ಎಂದು ಕೇಳಬೇಕಾಗುತ್ತದೆ. ಸಾರ್ವಜನಿಕ ಆರೋಗ್ಯ ಎಂಬ ಶಾಸ್ತ್ರ ಹುಟ್ಟುವುದು ಇಲ್ಲಿಂದ. ಪ್ರಶ್ನೆ ಒಂದೇ ಆದರೂ ಉತ್ತರಗಳು ಹಲವು. ಒಬ್ಬರು ರೋಗಿಗೆ ಮದ್ದು ಕೊಡಿ ಎನ್ನುತ್ತಾರೆ, ಇನ್ನೊಬ್ಬರು ಚರಂಡಿ ತೋಡಿ ಎನ್ನುತ್ತಾರೆ, ಮತ್ತೊಬ್ಬರು ಗೋಡೆಗೆ ಔಷಧಿ ಹೊಡೆಯಿರಿ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಮೇಲು?

ಇದಕ್ಕೆ ಮಲೇರಿಯಾಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ನೀರಿನ ಊರುಗಳಿಗೆ ಈ ಚಳಿಜ್ವರ ಹಳೆಯ ನೆಂಟ. ನಂಜನಗೂಡನ್ನು ಹಾದು ಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹುಲ್ಲಹಳ್ಳಿ, ರಾಂಪುರದ ನಾಲೆಗಳು, ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆ ಇವೆಲ್ಲ ಹಳೆಯ ಕಾಲದವು. 1970ರ ದಶಕದಲ್ಲಿ ಬೀಚನಹಳ್ಳಿಯ ಕಬಿನಿ ಜಲಾಶಯ ಸಿದ್ಧವಾಗಿ ಹೊಸ ನಾಲೆಗಳೂ ಬಂದವು. ಗದ್ದೆ, ನಾಲೆ, ಬಾವಿ, ಕಟ್ಟೆ, ಹಿಪ್ಪುನೇರಳೆ ತೋಟ, ಮನೆಯೊಳಗೇ ಸಾಕುವ ರೇಷ್ಮೆಹುಳು: ಇಷ್ಟೂ ಒಂದೆಡೆ ಸೇರಿದ ಈ ನೆಲದಲ್ಲಿ ನಿಂತು ನೋಡಿದರೆ ಒಂದೊಂದು ದಾರಿಯ ಬಲವೂ ದೌರ್ಬಲ್ಯವೂ ಎದ್ದು ಕಾಣುತ್ತವೆ.

ಹೋಲಿಸಲು ಅಳತೆಗೋಲು ಬೇಕಲ್ಲ? ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳಬಹುದು. ಕೆಲಸ ಮಾಡುವವರು ಯಾರು? ಅದರ ಹೊರೆ ಬೀಳುವುದು ಯಾರ ಮೇಲೆ? ಆ ಕೆಲಸ ನಿಂತ ದಿನ ಏನಾಗುತ್ತದೆ?

ಊರು ಬಿಟ್ಟವರು

ಎಲ್ಲಕ್ಕಿಂತ ಹಳೆಯ ದಾರಿ ಜಾಗ ಬಿಡುವುದು. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷರು ಅಲ್ಲಿಯೇ ದಂಡು ಇರಿಸಿದರು. ಕಾವೇರಿಯ ನಡುವಿನ ಆ ದ್ವೀಪದಲ್ಲಿ ಜ್ವರ ಸಿಪಾಯಿಗಳನ್ನು ಬಿಡಲಿಲ್ಲ. ಕಡೆಗೆ 1809ರಲ್ಲಿ ದಂಡು ಬೆಂಗಳೂರಿಗೆ ಹೊರಟಿತು. ಇಂದಿನ ಬೆಂಗಳೂರು ದಂಡು ಪ್ರದೇಶ ಬೆಳೆದುದರ ಹಿಂದೆ ಶ್ರೀರಂಗಪಟ್ಟಣದ ಚಳಿಜ್ವರವೂ ಇದೆ.

ಸೈನ್ಯಕ್ಕೆ ಇದು ಸಾಧ್ಯ. ಆದರೆ ಗದ್ದೆಯನ್ನು ಗಂಟು ಕಟ್ಟಿ ಹೊತ್ತೊಯ್ಯಲಾಗದು. ಉಳುವವನು ನಾಲೆಯ ಬದಿಯಲ್ಲೇ ಉಳಿದ. ಸ್ಥಳಾಂತರವೆಂಬ ಉಪಾಯ ಯಾರಿಗೆ ದಕ್ಕುತ್ತದೆ, ಯಾರಿಗೆ ದಕ್ಕುವುದಿಲ್ಲ ಎಂಬುದು ಆಗಲೇ ಗೊತ್ತಾಯಿತು.

ನಡುವಟ್ಟದ ತೊಗಟೆ

ಎರಡನೆಯದು ಮದ್ದಿನ ದಾರಿ. ನಂಜನಗೂಡಿನಿಂದ ಗುಂಡ್ಲುಪೇಟೆ, ಗೂಡಲೂರು ದಾಟಿ ಊಟಿಗೆ ಹೋಗುವವರು ಘಟ್ಟ ಹತ್ತುವಾಗ ನಡುವಟ್ಟಂ ಎಂಬ ಊರನ್ನು ನೋಡಿರುತ್ತಾರೆ. ದಕ್ಷಿಣ ಅಮೆರಿಕದಿಂದ ತಂದ ಸಿಂಕೋನಾ ಮರವನ್ನು 1860ರ ದಶಕದಲ್ಲಿ ಸರ್ಕಾರ ನೀಲಗಿರಿಯಲ್ಲಿ ಬೆಳೆಸಿತು. ನಡುವಟ್ಟದಲ್ಲಿ ಕ್ವಿನೈನ್ ಕಾರ್ಖಾನೆಯೂ ನಡೆಯಿತು. ಆ ಮರದ ತೊಗಟೆಯ ಸಾರವೇ ಕ್ವಿನೈನ್. 1890ರ ದಶಕದಲ್ಲಿ ಬಂಗಾಳದಲ್ಲಿ ಆರಂಭಿಸಿ ಅಂಚೆ ಕಚೇರಿಗಳ ಮೂಲಕ ಸಣ್ಣ ಪೊಟ್ಟಣಗಳಲ್ಲಿ ಅದನ್ನು ಮಾರಲಾಯಿತು. ಆಸ್ಪತ್ರೆಯಿಲ್ಲದ ಕಡೆಯೂ ಅಂಚೆಯವನು ಇರುತ್ತಾನೆ ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಕ್ವಿನೈನ್ ಪ್ರಾಣ ಉಳಿಸಿತು, ಸಂದೇಹವಿಲ್ಲ. ಆದರೆ ಅದು ಕಹಿ, ಕಿವಿಯಲ್ಲಿ ಗುಂಯ್‌ಗುಟ್ಟಿಸುತ್ತದೆ. ಜ್ವರ ಇಳಿದೊಡನೆ ಜನ ನಿಲ್ಲಿಸಿಬಿಡುತ್ತಿದ್ದರು. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ. ಅಡಗಿದ ಆ ಶತ್ರುವಿಗೆ ಕ್ವಿನೈನ್ ತಾಕುವುದಿಲ್ಲ. ಇಲ್ಲಿ ಕೆಲಸ ರೋಗಿಯದೇ, ಕಾಸು ರೋಗಿಯದೇ. ಪೊಟ್ಟಣ ಮುಗಿದ ಮರುದಿನವೂ ಸೊಳ್ಳೆ ಇದ್ದಲ್ಲೇ ಇರುತ್ತದೆ.

ನೀರಿನ ದಾರಿ

ಸೊಳ್ಳೆಯೇ ಈ ರೋಗವನ್ನು ಹೊತ್ತು ತರುವುದೆಂದು ತೋರಿಸಿದವರು ರೊನಾಲ್ಡ್ ರಾಸ್. 1895ರಲ್ಲಿ ಕಾಲರಾ ಹತೋಟಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅವರು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ಆ ದಿನದಿಂದ ಗಮನ ರೋಗಿಯಿಂದ ನೀರಿನ ಕಡೆಗೆ ಹೊರಳಿತು. ಸೊಳ್ಳೆ ಮೊಟ್ಟೆಯಿಡುವುದು ನೀರಿನಲ್ಲಿ ತಾನೆ?

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಆರೋಗ್ಯ ಇಲಾಖೆಯನ್ನು ಪುನರ್ರಚಿಸಿತು. ನಾಗೇನಹಳ್ಳಿ, ಹಿರಿಯೂರು, ಮೂಡಿಗೆರೆಗಳಲ್ಲಿ ಮಲೇರಿಯಾ ಅಧ್ಯಯನ ನಡೆಯಿತು. ಪ್ರತಿಷ್ಠಾನದ ಡಾ. ಡಬ್ಲ್ಯು.ಸಿ. ಸ್ವೀಟ್ ಮತ್ತು ಮೈಸೂರಿನ ಬಿ.ಎ. ರಾವ್ ಅವರು 1937ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಒಂದೇ ಜಾತಿಯಲ್ಲಿ ಎರಡು ಬಗೆಗಳಿವೆ ಎಂದು ಬೇರ್ಪಡಿಸಿದರು. ಅದರಲ್ಲೊಂದಕ್ಕೆ ‘ಮೈಸೊರೆನ್ಸಿಸ್’ ಎಂಬ ಹೆಸರು ಬಂತು. ಮೈಸೂರಿನ ಹೆಸರು ಪ್ರಪಂಚದ ಕೀಟಶಾಸ್ತ್ರದ ಪುಸ್ತಕಗಳನ್ನು ಸೇರಿದ್ದು ಹೀಗೆ.

ಇದು ಬರೀ ಹೆಸರಿನ ವಿಚಾರವಲ್ಲ. ಸೊಳ್ಳೆಯೆಲ್ಲ ಒಂದೇ ಎಂದು ಹೊರಟರೆ ಕೆಲಸ ಕೆಡುತ್ತದೆ. ಹಳ್ಳಿಗಾಡಿನ ಮುಖ್ಯ ವೈರಿಯಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಬಾವಿ, ಕಟ್ಟೆ, ನಾಲೆಯ ಜಿನುಗು ನೀರು, ತೊರೆಯ ಮಡುಗಳಲ್ಲಿ ಹುಟ್ಟುತ್ತದೆ. ಹೆಚ್ಚಾಗಿ ದನದ ರಕ್ತ ಹೀರಿ ಕೊಟ್ಟಿಗೆಯಲ್ಲಿ ವಿಶ್ರಮಿಸುತ್ತದೆ. ಪಟ್ಟಣದ ಸ್ಟೀಫೆನ್ಸಿಗೆ ತೊಟ್ಟಿ, ಮಾಳಿಗೆಯ ಮೇಲಿನ ಟ್ಯಾಂಕೇ ಸಾಕು. ಹಳ್ಳಿಯ ನಾಲೆಗೆ ಹೂಡಿದ ಉಪಾಯ ಪಟ್ಟಣದ ಟ್ಯಾಂಕಿಗೆ ಹೊಂದುವುದಿಲ್ಲ.

ನೀರಿನ ದಾರಿಯಲ್ಲಿ ಎರಡು ಕವಲುಗಳಿದ್ದವು. ಒಂದು, ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿ. ಇದು ತಾಮ್ರ ಮತ್ತು ಪಾಷಾಣ ಸೇರಿದ ವಿಷ. ಇದನ್ನು ರಸ್ತೆಯ ದೂಳಿನಲ್ಲೋ ಬೂದಿಯಲ್ಲೋ ಬೆರೆಸಿ ನೀರಿನ ಮೇಲೆ ತೂರಿದರೆ ತೇಲುತ್ತದೆ. ಮೇಲ್ಮೈಯಲ್ಲೇ ಮೇಯುವ ಅನಾಫಿಲಿಸ್ ಮರಿ ತಿಂದು ಸಾಯುತ್ತದೆ. ಖರ್ಚು ಕಡಿಮೆ. ಆದರೆ ಹೊಸ ಮರಿಗಳು ಹುಟ್ಟುತ್ತಲೇ ಇರುವುದರಿಂದ ವಾರ ವಾರವೂ ತೂರಬೇಕು. ಒಂದು ವಾರ ತಪ್ಪಿದರೆ ಹಿಂದಿನದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಇನ್ನೊಂದು, ನೀರಿನ ಹರಿವನ್ನೇ ತಿದ್ದುವುದು: ಜಿನುಗು ನಿಲ್ಲಿಸುವುದು, ಚರಂಡಿ ತೋಡುವುದು, ಗದ್ದೆಯನ್ನು ನಡುನಡುವೆ ಒಣಗಿಸುವುದು. ಇದೇ ಕಾವೇರಿಯ ಕೆಳಗಿನ ತಂಜಾವೂರು ಸೀಮೆಯಲ್ಲಿ, ಮೆಟ್ಟೂರು ಯೋಜನೆಯ ನೀರು ಹರಿದ ಪಟ್ಟುಕ್ಕೋಟ್ಟೈ ಸುತ್ತ, ರಾಕ್‌ಫೆಲರ್ ಪ್ರತಿಷ್ಠಾನದ ಪಾಲ್ ರಸೆಲ್ ಅವರ ತಂಡ ಇಂಥ ಪ್ರಯೋಗಗಳನ್ನು ಮಾಡಿತು. ಮೊಟ್ಟೆಯೊಡೆದು ಸೊಳ್ಳೆಯಾಗಿ ಹಾರಲು ಒಂದು ವಾರಕ್ಕೂ ಮೇಲೆ ಬೇಕು. ಅಷ್ಟರೊಳಗೆ ಗದ್ದೆ ಒಣಗಿದರೆ ಮರಿ ಸಾಯುತ್ತದೆ, ಪೈರು ಸಾಯುವುದಿಲ್ಲ. ಲೆಕ್ಕ ಸರಿಯೇ. ಆದರೆ ಬಿಟ್ಟ ನೀರು ಮತ್ತೆ ಸಕಾಲಕ್ಕೆ ಬರುತ್ತದೆಂಬ ಭರವಸೆ ಇಲ್ಲದೆ ಯಾವ ರೈತ ತುಂಬಿದ ಗದ್ದೆಯ ಬದು ಒಡೆದಾನು? ನಾಲೆಯ ತುದಿಯ ರೈತನನ್ನು ಕೇಳಿದರೆ ಉತ್ತರ ಸಿಗುತ್ತದೆ. ಇಲ್ಲಿ ಆರೋಗ್ಯ ಇಲಾಖೆಯ ಕೆಲಸ ನೀರಾವರಿ ಇಲಾಖೆಯ ಕೈಯಲ್ಲಿದೆ. ಹೊರೆ ರೈತನ ಮೇಲಿದೆ. ಆದರೆ ಒಂದು ಗುಣವುಂಟು. ಒಮ್ಮೆ ಸರಿಯಾಗಿ ತೋಡಿದ ಚರಂಡಿ, ಹೂಳು ತೆಗೆಯುತ್ತಿರುವಷ್ಟು ಕಾಲ, ತಾನಾಗಿ ದುಡಿಯುತ್ತದೆ.

ಗೋಡೆಯ ದಾರಿ

ಆಮೇಲೆ ಬಂದದ್ದು ಡಿಡಿಟಿ. ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಅದರ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದರು; 1948ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಭಾರತದ ಹಳ್ಳಿಗಳಲ್ಲಿ ಇದರ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ಕನ್ನಡ ನೆಲದಲ್ಲೇ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಕೆನರಾ ಜಿಲ್ಲೆಗಳಲ್ಲಿ, 1946ರ ಸುಮಾರಿಗೆ, ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ.

ಇದರ ತರ್ಕ ಬೇರೆ. ಸೊಳ್ಳೆಯನ್ನು ನೀರಿನಲ್ಲಿ ಹುಡುಕಬೇಕಾಗಿಲ್ಲ. ರಕ್ತ ಹೀರಿದ ಸೊಳ್ಳೆ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಅದರ ಹೊಟ್ಟೆಯಲ್ಲಿ ರೋಗಾಣು ಬೆಳೆದು ಇನ್ನೊಬ್ಬರಿಗೆ ದಾಟಲು ಹತ್ತು ದಿನಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಅದು ಮೂರು ನಾಲ್ಕು ಬಾರಿಯಾದರೂ ಗೋಡೆಗೆ ಬಂದು ಕೂರಲೇಬೇಕು. ಆ ಗೋಡೆಗೆ ತಿಂಗಳುಗಟ್ಟಲೆ ಇಳಿಯದ ವಿಷ ಬಳಿದಿಟ್ಟರೆ ಸಾಕು. ಎಲ್ಲ ಸೊಳ್ಳೆಗಳೂ ಸಾಯಬೇಕಿಲ್ಲ. ಮುದಿಯಾಗುವವರೆಗೆ ಬದುಕದಿದ್ದರೆ ಆಯಿತು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1958ರಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ಮೂಲನ’ ಎಂಬ ಪದ ಬಂತು. 1960ರ ದಶಕದ ಆರಂಭಕ್ಕೆ ರೋಗಿಗಳ ಸಂಖ್ಯೆ 50,000ದ ಆಸುಪಾಸಿಗೆ ಇಳಿಯಿತು. ಮನುಷ್ಯ ಚರಿತ್ರೆಯಲ್ಲಿ ಇಂಥ ಗೆಲುವುಗಳು ಅಪರೂಪ. ಜನರೂ ಮೊದಮೊದಲು ಸಂತೋಷದಿಂದಲೇ ಬಾಗಿಲು ತೆರೆದರು; ಡಿಡಿಟಿ ಹೊಡೆದರೆ ತಿಗಣೆಯೂ ಸಾಯುತ್ತಿತ್ತು.

ಬಳಿಕ ಒಂದೊಂದೇ ಕೊಂಡಿ ಕಳಚಿತು. 1959ರ ಹೊತ್ತಿಗೇ ಪಶ್ಚಿಮ ಭಾರತದಲ್ಲಿ ಕ್ಯುಲಿಸಿಫೇಸಿಸ್ ಸೊಳ್ಳೆ ಡಿಡಿಟಿಗೆ ಬಗ್ಗದಿರುವುದು ಕಂಡುಬಂತು. ತಿಗಣೆಗಳೂ ಬಗ್ಗಲಿಲ್ಲ, ಜನರ ಉತ್ಸಾಹ ಇಳಿಯಿತು. ಹಬ್ಬಕ್ಕೆ, ಜಾತ್ರೆಗೆ ಸುಣ್ಣ ಬಳಿದು ಮಣ್ಣು ಸಾರಿಸಿದಾಗ ಗೋಡೆಯ ಮೇಲಿನ ಔಷಧಿ ಅಡಿಗೆ ಹೋಯಿತು. ಔಷಧಿಯ ಸರಬರಾಜೂ ತಡವಾಯಿತು. 1976ರಲ್ಲಿ ದೇಶದ ಮಲೇರಿಯಾ ರೋಗಿಗಳ ಸಂಖ್ಯೆ 64 ಲಕ್ಷ ದಾಟಿತು. ನೆರೆಯ ಶ್ರೀಲಂಕಾದ ಕಥೆ ಇನ್ನೂ ಕಟುವಾದುದು. 1963ರಲ್ಲಿ ಅಲ್ಲಿ ಕೇವಲ 17 ರೋಗಿಗಳಿದ್ದರು. ಗೆದ್ದೆವೆಂದು ಸಿಂಪಡಣೆ ನಿಲ್ಲಿಸಿದರು. 1968–69ರಲ್ಲಿ ರೋಗಿಗಳು 5 ಲಕ್ಷ ಮೀರಿದರು. ‘ನಿಂತ ದಿನ ಏನಾಗುತ್ತದೆ?’ ಎಂಬ ಮೂರನೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಹುಳು ಸಾಕುವ ಮನೆ

ಈಗ ತಿ. ನರಸೀಪುರಕ್ಕೆ ಬರೋಣ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆ ಇರುವ ಊರು ಅದು. ಮೈಸೂರು ಸೀರೆಗೆ ಬೇಕಾದ ನೂಲಿನ ಹಿಂದೆ ಸುತ್ತಲ ಸೀಮೆಯ ಹಿಪ್ಪುನೇರಳೆ ತೋಟಗಳಿವೆ, ಹುಳು ಸಾಕುವ ಮನೆಗಳಿವೆ.

ರೇಷ್ಮೆ ಬೆಳೆಗಾರರ ಮಾತಿನಲ್ಲಿ ಹುಳುವಿಗೂ ಜ್ವರ ಬರುತ್ತದೆ. ಹುಳು ಸೊಪ್ಪು ತಿನ್ನುವುದು ಬಿಟ್ಟು ತಲೆಯೆತ್ತಿ ಸ್ತಬ್ಧವಾಗಿ ಪೊರೆ ಕಳಚುವ ಹೊತ್ತಿಗೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ನಾಲ್ಕು ಜ್ವರ ದಾಟಿ, ಹುಳು ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟುವವರೆಗೆ ಸುಮಾರು ಒಂದು ತಿಂಗಳು ಮನೆಮಂದಿಗೆ ನಿದ್ದೆಯಿಲ್ಲ. ಹಳೆಯ ಮನೆಗಳಲ್ಲಿ ತಟ್ಟೆಗಳು ಜೋಡಿಸಿರುವುದು ಜನ ಮಲಗುವ ಪಡಸಾಲೆಯಲ್ಲೇ. ರೇಷ್ಮೆಹುಳುವೂ ಕೀಟವೇ. ಸೊಳ್ಳೆಯನ್ನು ಕೊಲ್ಲುವ ವಿಷ ಅದನ್ನೂ ಕೊಲ್ಲುತ್ತದೆ. ಹುಳು ಇರುವ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚಲೂ ಹಿಂಜರಿಯುತ್ತಾರೆ.

ಇಂಥ ಮನೆಯ ಬಾಗಿಲಿಗೆ ಡಿಡಿಟಿ ಪಂಪು ಹೊತ್ತವನು ಬಂದು ನಿಂತಾಗ ಗೃಹಿಣಿ ‘ಬೇಡಪ್ಪ’ ಎಂದರೆ ಅದು ಅಜ್ಞಾನವೇ? ಕರ್ನಾಟಕದ ರೇಷ್ಮೆ ಸೀಮೆಗಳಲ್ಲಿ ಸಿಂಪಡಣೆಗೆ ಒಪ್ಪದ ಮನೆಗಳು ಮಲೇರಿಯಾ ಸಿಬ್ಬಂದಿಗೆ ದೊಡ್ಡ ತೊಡಕಾದವು. ಸಿಂಪಡಣೆಯ ಲೆಕ್ಕದಲ್ಲಿ ಅದು ‘ನಿರಾಕರಣೆ’ ಎಂಬ ಒಂದು ಪದ. ಆ ಪದದ ಹಿಂದೆ ಒಂದು ಬೆಳೆಯ ಪೂರ್ತಿ ಆದಾಯ, ಮೊಟ್ಟೆಗೆ ಕೊಟ್ಟ ಹಣ, ತಿಂಗಳ ದುಡಿಮೆ ಇರುತ್ತದೆ. ಜ್ವರ ಬಂದರೂ ಬರಬಹುದು, ಬಾರದಿದ್ದರೂ ಇರಬಹುದು. ವಿಷ ಹೊಡೆದರೆ ಹುಳು ಸಾಯುವುದು ಮಾತ್ರ ಖಂಡಿತ. ಮನೆಯವರ ಈ ಲೆಕ್ಕ ತಪ್ಪಲ್ಲ. ಸಿಬ್ಬಂದಿಯ ಲೆಕ್ಕವೂ ತಪ್ಪಲ್ಲ: ಹತ್ತು ಮನೆ ಬಿಟ್ಟುಹೋದರೆ ಆ ಹತ್ತು ಮನೆಯ ಗೋಡೆಗಳಲ್ಲಿ ಸೊಳ್ಳೆ ನಿಶ್ಚಿಂತೆಯಿಂದ ಕೂರುತ್ತದೆ. ಎರಡು ಸರಿಯಾದ ಲೆಕ್ಕಗಳು ಒಂದೇ ಹೊಸ್ತಿಲಲ್ಲಿ ಎದುರಾದಾಗ ದಾರಿಯನ್ನೇ ಬದಲಿಸಬೇಕಾಗುತ್ತದೆ.

ಬಾವಿಗೆ ಬಿಟ್ಟ ಮೀನು

ಬದಲಿಸಿದ ದಾರಿ ಮತ್ತೆ ನೀರಿನದೇ. ಆದರೆ ಈ ಬಾರಿ ವಿಷದ ಬದಲು ಮೀನು. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದಿತ್ತು. ಡಿಡಿಟಿಯ ಸಂಭ್ರಮದಲ್ಲಿ ಅದನ್ನು ಬಹುತೇಕ ಮರೆತಿದ್ದರು. 1990ರ ದಶಕದಲ್ಲಿ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಕೇಂದ್ರದವರು ಕೋಲಾರ ಜಿಲ್ಲೆಯ ಕಾಮಸಮುದ್ರ ಸುತ್ತಿನ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಮೀನನ್ನೂ ಕಟ್ಟೆಗಳಿಗೆ ಗ್ಯಾಂಬೂಸಿಯಾವನ್ನೂ ಬಿಟ್ಟರು. ಕೋಲಾರವೂ ರೇಷ್ಮೆಯ ಸೀಮೆ. ಅಲ್ಲಿ ಕ್ಯುಲಿಸಿಫೇಸಿಸ್ ಸೊಳ್ಳೆ ಮುಖ್ಯವಾಗಿ ಬಾವಿ, ಕಟ್ಟೆಗಳಲ್ಲೇ ಹುಟ್ಟುತ್ತಿತ್ತು. ಮಲೇರಿಯಾ ಗಣನೀಯವಾಗಿ ಇಳಿಯಿತು.

ಹಾಗೆಂದು ಮೀನೇ ಸರ್ವರೋಗಕ್ಕೂ ಮದ್ದಲ್ಲ. ಬಾವಿ, ಕಟ್ಟೆಗಳನ್ನು ಎಣಿಸಬಹುದಾದ ಒಣಸೀಮೆಯಲ್ಲಿ ಗೆದ್ದ ಉಪಾಯ, ಮೈಲಿಗಟ್ಟಲೆ ನಾಲೆ ಹರಿದು ಲೆಕ್ಕವಿಲ್ಲದಷ್ಟು ಜಿನುಗುಗುಂಡಿಗಳಿರುವ ಕಬಿನಿ ಬಯಲಿನಲ್ಲಿ ಅಷ್ಟೇ ಗೆಲ್ಲಬೇಕೆಂದಿಲ್ಲ. ಬಾವಿ ಬತ್ತಿದರೆ ಮೀನೂ ಹೋಗುತ್ತದೆ, ಮತ್ತೆ ಬಿಡಬೇಕು. ಗ್ಯಾಂಬೂಸಿಯಾ ಹೊರದೇಶದ ಮೀನು. ಹೊಳೆಗೆ ಸೇರಿದರೆ ಊರ ಮೀನಿನ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಆದ್ದರಿಂದ ಅದನ್ನು ಕಂಡ ಕಂಡ ನೀರಿಗೆ ಬಿಡುವಂತಿಲ್ಲ.

ಸಮಸ್ಯೆಗೆ ಇನ್ನೊಂದು ಪರಿಹಾರ ಬಂದದ್ದು ಆರೋಗ್ಯ ಇಲಾಖೆಯಿಂದಲ್ಲ, ರೇಷ್ಮೆ ಇಲಾಖೆಯಿಂದ. ಹುಳುವಿನ ರೋಗಗಳನ್ನು ತಡೆಯಲು, ಇಳುವರಿ ಹೆಚ್ಚಿಸಲು ವಾಸದ ಮನೆಯಿಂದ ಬೇರೆಯಾಗಿ ಹುಳುಮನೆ ಕಟ್ಟಿಕೊಳ್ಳಿ ಎಂದು ಅದು ಸಹಾಯಧನ ಕೊಟ್ಟಿತು. ಹುಳು ಬೇರೆ ಸೂರಿನಡಿ ಹೋದಾಗ ಮಲಗುವ ಕೋಣೆಯ ಗೋಡೆ ಸಿಂಪಡಣೆಗೆ ತೆರವಾಗುತ್ತದೆ. ಆದರೆ ಹುಳುಮನೆಗೆ ಜಾಗ ಬೇಕು, ಕೈಯಲ್ಲಿ ಒಂದಿಷ್ಟು ಹಣವೂ ಬೇಕು. ಎರಡೂ ಇಲ್ಲದ ಸಣ್ಣ ಬೆಳೆಗಾರನ ಪಡಸಾಲೆಯಲ್ಲಿ ಹಳೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಬಾಗಿಲಿಗೆ ಬರುವವರು

ಉಳಿದದ್ದು ಮನುಷ್ಯರ ದಾರಿ. 1930ರ ದಶಕದಲ್ಲೇ ಅಂದಿನ ಕ್ಲೋಸ್‌ಪೇಟೆಯಲ್ಲಿ, ಎಂದರೆ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕವನ್ನು ಮೈಸೂರು ಸಂಸ್ಥಾನ ನಡೆಸಿತು. ಒಂದೊಂದು ರೋಗಕ್ಕೆ ಒಂದೊಂದು ದಂಡನ್ನು ಕಳಿಸುವ ಬದಲು, ಹೆರಿಗೆ, ಲಸಿಕೆ, ನೀರು, ಜ್ವರ ಎಲ್ಲವನ್ನೂ ಒಂದೇ ಸಣ್ಣ ತಂಡ ವರ್ಷವಿಡೀ ನೋಡಿಕೊಳ್ಳಬೇಕೆಂಬುದು ಅದರ ವಿಚಾರ. ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹಿಂದಿರುವುದೂ ಇದೇ ವಿಚಾರ. ಮಲೇರಿಯಾ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆ ಮನೆಗೆ ಬಂದು, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದು, ಮಾತ್ರೆ ಕೊಟ್ಟು ಹೋಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 2005ರ ಬಳಿಕ ಆಶಾ ಕಾರ್ಯಕರ್ತೆಯರು ಬಂದರು. ದೇಶದಲ್ಲಿ 2015ರಲ್ಲಿ 11 ಲಕ್ಷ ಮೀರಿದ್ದ ಮಲೇರಿಯಾ ಪ್ರಕರಣಗಳು 2023ರಲ್ಲಿ ಸುಮಾರು 2.27 ಲಕ್ಷಕ್ಕೆ ಇಳಿದುದರ ಹಿಂದೆ ಸ್ಥಳದಲ್ಲೇ ಮಾಡುವ ರಕ್ತಪರೀಕ್ಷೆ, ಹೊಸ ಔಷಧಿ, ಔಷಧಿ ಸೇರಿಸಿದ ಸೊಳ್ಳೆಪರದೆಗಳ ಜತೆಗೆ ಇಂಥವರ ನಡಿಗೆಯೂ ಇದೆ.

ಇದರ ಎದುರು ತುದಿಯಲ್ಲಿರುವುದು ಕಾನೂನಿನ ದಾರಿ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಡೆಂಗಿಯ ಸೊಳ್ಳೆ ಮನೆಯ ತೊಟ್ಟಿ, ಡ್ರಮ್ಮು, ಬಿಸಾಡಿದ ಟೈರಿನಲ್ಲೇ ಹುಟ್ಟುವುದರಿಂದ ಮನೆಯವರ ಹೊಣೆ ನಿಜ. ಆದರೆ ನಲ್ಲಿಯಲ್ಲಿ ದಿನವೂ ನೀರು ಬಂದರೆ ಡ್ರಮ್ಮು ತುಂಬಿಡುವವರು ಯಾರು? ನೀರು ಸರಿಯಾಗಿ ಕೊಡದ ಕಡೆ ದಂಡ ಮಾತ್ರ ಹಾಕಿದರೆ ಹೊರೆ ತಪ್ಪಿದ ಹೆಗಲಿಗೆ ಬೀಳುತ್ತದೆ.

ಲೆಕ್ಕ ಕೂಡಿಸಿದಾಗ

ಮೂರು ಪ್ರಶ್ನೆಗಳನ್ನು ಮತ್ತೊಮ್ಮೆ ಎದುರಿಗಿಡಿ. ಮದ್ದು ಬೇಗ ಫಲ ಕೊಡುತ್ತದೆ, ಆದರೆ ಊರನ್ನು ಕಾಯುವುದಿಲ್ಲ. ಸಿಂಪಡಣೆ ಊರನ್ನು ಕಾಯುತ್ತದೆ, ನಿಂತೊಡನೆ ಕೈಬಿಡುತ್ತದೆ, ಒಪ್ಪಿಗೆಯಿಲ್ಲದೆ ಒಳಗೆ ಹೋಗಲಾರದು. ಚರಂಡಿ ನಿಧಾನ, ಆದರೆ ಬಾಳಿಕೆ ಬರುತ್ತದೆ. ಮೀನು ಅಗ್ಗ, ಆದರೆ ನೀರಿನ ಗುಣ ನೋಡಿ ಬಿಡಬೇಕು. ಕಾನೂನು ಸುಲಭ, ಆದರೆ ಬಡವನ ಮೇಲೆ ಮೊದಲು ಬೀಳುತ್ತದೆ. ಯಾವ ದಾರಿಯೂ ಒಂಟಿಯಾಗಿ ಪೂರ್ತಿಯಾಗದು. ಶ್ರೀಲಂಕಾ ಹಲವು ದಾರಿಗಳನ್ನು ಒಟ್ಟುಗೂಡಿಸಿಕೊಂಡು, ಪ್ರತಿಯೊಬ್ಬ ರೋಗಿಯ ಬೆನ್ನು ಹತ್ತಿ, 2016ರಲ್ಲಿ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಪಡೆಯಿತು. 17ರಿಂದ 5 ಲಕ್ಷಕ್ಕೆ ಏರಿದ್ದ ದೇಶವೇ ಅದು.

ರೋಗ ಕಡಿಮೆಯಾದ ಕಾಲವೇ ಹೆಚ್ಚು ಅಪಾಯದ ಕಾಲ. ಜ್ವರ ಕಾಣದಿದ್ದಾಗ ಹೂಳು ತೆಗೆಯಲು ಹಣ ಸಿಗುವುದಿಲ್ಲ, ಖಾಲಿ ಹುದ್ದೆ ತುಂಬುವುದಿಲ್ಲ, ಸೊಳ್ಳೆಪರದೆ ಮೂಟೆ ಕಟ್ಟುವ ಹಗ್ಗವಾಗುತ್ತದೆ. ಆಗಲೂ ಮುಂದುವರಿಯುವ ಕೆಲಸ ಯಾವುದೆಂದರೆ, ಊರಿನವರ ಬದುಕಿಗೆ ಅಡ್ಡ ಬಾರದೆ ಅದರೊಳಗೆ ಸೇರಿಹೋದ ಕೆಲಸ. ರೇಷ್ಮೆ ಸೀಮೆ ಕಲಿಸುವುದು ಇಷ್ಟನ್ನೇ. ಮನೆಯ ಬಾಗಿಲಿಗೆ ಹೋಗುವ ಆರೋಗ್ಯ ಕಾರ್ಯಕರ್ತ ಮೊದಲು ‘ನಿಮ್ಮಲ್ಲಿ ಯಾರಿಗೆ ಜ್ವರ?’ ಎಂದು ಕೇಳಬೇಕು, ನಿಜ. ಅದರ ಹಿಂದೆಯೇ ‘ಹುಳು ಎಷ್ಟನೇ ಜ್ವರದಲ್ಲಿದೆ, ಯಾವಾಗ ಚಂದ್ರಿಕೆಗೆ ಬಿಡುತ್ತೀರಿ, ಗೂಡು ಬಿಡಿಸಿದ ಮೇಲೆ ಬರಲೇ?’ ಎಂದೂ ಕೇಳಿದರೆ ಆ ಮನೆಯ ಬಾಗಿಲು ತೆರೆಯುವ ಸಂಭವ ಹೆಚ್ಚು.